ಅಂತರರಾಷ್ಟ್ರೀಯ ಶ್ರಮವಲಸೆ: ಬೆಳೆದ ಬಗೆ ಮತ್ತು ನೈತಿಕ ಪ್ರಶ್ನೆಗಳು

ದುಡಿಮೆಗಾಗಿ ತಾಯ್ನಾಡು ಬಿಟ್ಟು ಇನ್ನೊಂದು ದೇಶಕ್ಕೆ ಹೋಗಿ ಅಲ್ಲಿ ಕೂಲಿಗೋ ಸಂಬಳಕ್ಕೋ ಕೆಲಸ ಮಾಡುವುದನ್ನು ಅಂತರರಾಷ್ಟ್ರೀಯ ಶ್ರಮವಲಸೆ ಎನ್ನುತ್ತಾರೆ. ಯುದ್ಧ, ದಮನಗಳಿಂದ ತಪ್ಪಿಸಿಕೊಂಡು ಬಂದ ನಿರಾಶ್ರಿತರನ್ನೂ ಓದಲು ಹೋದ ವಿದ್ಯಾರ್ಥಿಗಳನ್ನೂ ಈ ಲೆಕ್ಕದಿಂದ ಹೊರಗಿಡುವುದು ರೂಢಿ. ವ್ಯವಹಾರದಲ್ಲಿ ಈ ಗೆರೆ ಆಗಾಗ ಅಳಿಸಿಹೋಗುತ್ತದೆ. ನಿರಾಶ್ರಿತನೂ ಹೊಟ್ಟೆಪಾಡಿಗೆ ದುಡಿಯಲೇಬೇಕು, ಶುಲ್ಕ ಕಟ್ಟಲು ವಿದ್ಯಾರ್ಥಿಯೂ ರಾತ್ರಿಪಾಳಿ ಮಾಡುತ್ತಾನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನ ದುಡಿಯುವವರಲ್ಲಿ ಸುಮಾರು 16.77 ಕೋಟಿ ಮಂದಿ ವಲಸಿಗರಾಗಿದ್ದರು, ಅಂದರೆ ಒಟ್ಟು ಶ್ರಮಬಲದ ಶೇ. 4.7ರಷ್ಟು. ಅವರಲ್ಲಿ ಶೇ. 61ಕ್ಕಿಂತ ತುಸು ಹೆಚ್ಚು ಗಂಡಸರು. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಜನ ಶ್ರೀಮಂತ ದೇಶಗಳಲ್ಲಿದ್ದರು. ಹೊರದೇಶಗಳಲ್ಲಿ ನೆಲೆಸಿರುವವರ ಒಟ್ಟು ಸಂಖ್ಯೆಯಲ್ಲಿ ಭಾರತೀಯರದೇ ಮೊದಲ ಸ್ಥಾನ.

ಈ ವಿಷಯದ ಚರ್ಚೆ ಸಾಮಾನ್ಯವಾಗಿ ಎರಡು ಅಳತೆಗಳ ಸುತ್ತ ನಡೆಯುತ್ತದೆ: ಎಷ್ಟು ಜನ ಹೋದರು, ಎಷ್ಟು ಹಣ ಬಂತು. ಎರಡೂ ಬೇಕಾದ ಅಳತೆಗಳೇ. ಆದರೆ ಒಂದು ವಲಸೆ ನ್ಯಾಯವಾದದ್ದೋ ಅಲ್ಲವೋ ಎಂದು ಇವುಗಳಿಂದ ತಿಳಿಯುವುದಿಲ್ಲ. ಅದಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ: ಹೋದವನು ಬೇಡವೆನಿಸಿದ ದಿನ ಆ ಕೆಲಸ ಬಿಡಬಲ್ಲನೇ? ಬಿಡಲಾಗದಂತೆ ಅವನನ್ನು ಕಟ್ಟಿಹಾಕುವ ಹಗ್ಗಗಳು ಮುಖ್ಯವಾಗಿ ಎರಡು. ಒಂದು ಸಾಲ, ಇನ್ನೊಂದು ಕಾನೂನು. ಕಳೆದ ಇನ್ನೂರು ವರ್ಷಗಳ ಶ್ರಮವಲಸೆಯ ಇತಿಹಾಸವನ್ನು ಈ ಎರಡು ಹಗ್ಗಗಳ ಇತಿಹಾಸವೆಂದೇ ಓದಬಹುದು. ಪ್ರಸ್ತುತ ಲೇಖನ ಹೆಚ್ಚಾಗಿ ಕೊಲ್ಲಿ ರಾಷ್ಟ್ರಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತದೆ. ಭಾರತದ ಕಡಿಮೆ ಸಂಬಳದ ವಲಸೆ ಕಾರ್ಮಿಕರಲ್ಲಿ ಬಹುಪಾಲು ಜನ ಹೋಗುವುದು ಅಲ್ಲಿಗೇ. ನೈತಿಕ ಪ್ರಶ್ನೆಗಳೆಲ್ಲ ಒಂದೆಡೆ ಕಲೆತು ಕಾಣುವುದೂ ಅಲ್ಲಿಯೇ.

ಗಿರ್ಮಿಟಿನಿಂದ ಅತಿಥಿ ಕಾರ್ಮಿಕರವರೆಗೆ

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸುವ ಕಾಯಿದೆ 1833ರಲ್ಲಿ ಬಂತು. ಮರುವರ್ಷವೇ ಮಾರಿಷಸ್ಸಿನ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ಹಡಗಿನಲ್ಲಿ ಸಾಗಿಸುವುದು ಶುರುವಾಯಿತು. ಮುಂದೆ ಗಯಾನ (1838), ಟ್ರಿನಿಡಾಡ್ (1845), ನಟಾಲ್ (1860), ಸುರಿನಾಮ್ (1873), ಫಿಜಿ (1879) ಹೀಗೆ ಪಟ್ಟಿ ಬೆಳೆಯಿತು. ಗಿರ್ಮಿಟಿಯಾಗಳೆನಿಸಿಕೊಂಡ ಈ ಕೂಲಿಗಳ ಕರಾರು ಸಾಮಾನ್ಯವಾಗಿ ಐದು ವರ್ಷದ್ದು. ಕರಾರು ಮುರಿದು ಕೆಲಸಕ್ಕೆ ಗೈರಾದರೆ ಅದು ಇಬ್ಬರ ನಡುವಣ ಸಿವಿಲ್ ವ್ಯಾಜ್ಯವಾಗಿ ಉಳಿಯದೆ ದಂಡ, ಜೈಲುಗಳವರೆಗೆ ಹೋಗುವ ಅಪರಾಧವಾಗುತ್ತಿತ್ತು. ಸಿಲೋನ್ ಮತ್ತು ಮಲಯದ ತೋಟಗಳಿಗೆ ಜನರನ್ನು ಕರೆದೊಯ್ಯುತ್ತಿದ್ದ ಕಂಗಾಣಿಗಳ ದಾರಿ ಇನ್ನೊಂದು. ಅಲ್ಲಿ ಕಾಗದದ ಕರಾರಿಗಿಂತ ಮುಂಗಡ ಹಣದ ಬಿಗಿ ಜಾಸ್ತಿ. ಸಾಲ ತೀರುವವರೆಗೆ ಕೂಲಿಯಾಳು ಕಂಗಾಣಿಯ ಅಂಕೆಯಲ್ಲೇ ಇರಬೇಕಿತ್ತು. ಕಾನೂನಿನ ಹಗ್ಗ ಮತ್ತು ಸಾಲದ ಹಗ್ಗ ಎರಡೂ ಹತ್ತೊಂಬತ್ತನೆಯ ಶತಮಾನದಲ್ಲೇ ಪೂರ್ಣರೂಪದಲ್ಲಿ ಸಿದ್ಧವಾಗಿದ್ದವು. ಗೋಪಾಲಕೃಷ್ಣ ಗೋಖಲೆ 1912ರಲ್ಲಿ ವೈಸರಾಯರ ಶಾಸನ ಸಭೆಯಲ್ಲಿ ಕರಾರು ಪದ್ಧತಿಯ ವಿರುದ್ಧ ನಿರ್ಣಯ ಮಂಡಿಸಿದರು. ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ನಡೆಸಿದ ಹೋರಾಟವೂ ಇದಕ್ಕೆ ಸೇರಿಕೊಂಡಿತು. 1917ರಲ್ಲಿ ಹೊಸ ಕೂಲಿಗಳ ಸಾಗಣೆ ನಿಂತಿತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಮಾದರಿ ಬದಲಾಯಿತು. ಅಮೆರಿಕ ಮತ್ತು ಮೆಕ್ಸಿಕೊ ನಡುವೆ 1942ರಿಂದ 1964ರವರೆಗೆ ನಡೆದ ಬ್ರಸೇರೊ ಯೋಜನೆಯಲ್ಲಿ ಮೆಕ್ಸಿಕನ್ ರೈತಾಪಿ ಜನ ಅಮೆರಿಕದ ಹೊಲಗಳಲ್ಲಿ ಹಂಗಾಮಿ ಕೆಲಸ ಮಾಡಿದರು. ಊರಿಗೆ ಮರಳಿದ ಮೇಲೆ ಕೊಡುತ್ತೇವೆಂದು ಮೊದಲ ವರ್ಷಗಳಲ್ಲಿ ಅವರ ಕೂಲಿಯ ಶೇ. 10ರಷ್ಟನ್ನು ಹಿಡಿದುಕೊಳ್ಳಲಾಗಿತ್ತು. ಎಷ್ಟೋ ಜನರಿಗೆ ಆ ಹಣ ಸಿಗಲೇ ಇಲ್ಲ. ಅದಕ್ಕಾಗಿ ಅವರ ಮಕ್ಕಳು ಮೊಮ್ಮಕ್ಕಳು ಇಪ್ಪತ್ತೊಂದನೆಯ ಶತಮಾನದಲ್ಲೂ ಕೋರ್ಟು ಹತ್ತಿದರು. ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಅತಿಥಿ ಕಾರ್ಮಿಕರನ್ನು ಕರೆಸಿಕೊಂಡಿತು. ಎರಡು ವರ್ಷ ದುಡಿಸಿಕೊಂಡು ಕಳಿಸಿ ಬೇರೆಯವರನ್ನು ತರಿಸುವುದು ಮೊದಲ ಆಲೋಚನೆ. ಕೆಲಸ ಕಲಿತವರನ್ನು ಕಳಿಸಿ ಹೊಸಬರಿಗೆ ಮತ್ತೆ ಕಲಿಸುವುದು ನಷ್ಟದ ಬಾಬತ್ತೆಂದು ಕಾರ್ಖಾನೆಯವರೇ ಅದನ್ನು ವಿರೋಧಿಸಿದರು. 1973ರಲ್ಲಿ ನೇಮಕಾತಿ ನಿಲ್ಲಿಸಿದಾಗ ಸರ್ಕಾರ ಎಣಿಸಿದ್ದಕ್ಕೆ ತಿರುಗುಮುರುಗಾಯಿತು. ಹೋದರೆ ಮತ್ತೆ ಬರಲಾಗದೆಂದು ಅನೇಕರು ಅಲ್ಲೇ ಉಳಿದು ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು.

ಜರ್ಮನಿಯ ಬಾಗಿಲು ಮುಚ್ಚಿದ ವರ್ಷವೇ ತೈಲದ ಬೆಲೆ ಏರಿ ಕೊಲ್ಲಿಯ ಬಾಗಿಲು ಅಗಲವಾಗಿ ತೆರೆಯಿತು. ಹೊರಗಿನವರು ದುಡಿಯಲಿ, ಬೇರು ಬಿಡದಿರಲಿ ಎಂಬುದು ಅಲ್ಲಿಯ ರಾಜ್ಯಗಳು ಹಿಡಿದ ನೀತಿ.

ಕೊಲ್ಲಿಯ ದಾರಿ

ಭಾರತ ಮತ್ತು ಕೊಲ್ಲಿಯ ನಂಟು ತೈಲಕ್ಕಿಂತ ಹಳೆಯದು. ಬಹರೈನ್‌ನಲ್ಲಿ 1932ರಲ್ಲಿ, ಕುವೈತ್ ಮತ್ತು ಸೌದಿಯಲ್ಲಿ 1938ರಲ್ಲಿ ತೈಲ ಸಿಕ್ಕ ಮೇಲೆ ಅಲ್ಲಿಯ ಕಂಪನಿಗಳು ಗುಮಾಸ್ತರನ್ನೂ ಮೆಕ್ಯಾನಿಕ್‌ಗಳನ್ನೂ ಭಾರತದಿಂದ ಕರೆಸಿಕೊಂಡವು. ಆ ಕರಾವಳಿಯ ಬಹುಭಾಗದಲ್ಲಿ ಚಲಾವಣೆಯಲ್ಲಿದ್ದದ್ದು ಭಾರತದ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಮುದ್ರಿಸಿತು. ಇಂದು ಕೊಲ್ಲಿಯ ಆರು ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಯುಎಇ ಮತ್ತು ಕತಾರ್‌ಗಳಲ್ಲಿ ಹತ್ತು ನಿವಾಸಿಗಳಲ್ಲಿ ಹೆಚ್ಚುಕಡಿಮೆ ಒಂಬತ್ತು ಜನ ಹೊರಗಿನವರು. ಇಂಥ ಜನಸಂಖ್ಯಾ ರಚನೆ ಜಗತ್ತಿನಲ್ಲಿ ಬೇರೆಡೆ ತೀರ ವಿರಳ.

ಕನ್ನಡ ನಾಡಿನಲ್ಲಿ ಈ ವಲಸೆ ಬಹುಕಾಲ ಕರಾವಳಿಯ ಸಂಗತಿಯಾಗಿತ್ತು. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳದ ಜನ ಮೊದಲು ಮುಂಬೈಗೆ ಹೋಗಿ ಹೋಟೆಲ್ಲು, ಕಚೇರಿ, ವರ್ಕ್‌ಶಾಪುಗಳಲ್ಲಿ ಸೇರಿದವರು. 1970ರ ದಶಕದ ನಂತರ ಅಲ್ಲಿಂದಲೇ ಏಜೆಂಟರ ಮೂಲಕ ಗಲ್ಫಿನ ವಿಮಾನ ಹತ್ತಿದರು. ಭಟ್ಕಳದ ನವಾಯತ ಸಮುದಾಯದ ವ್ಯಾಪಾರದ ನೆಲೆ ದುಬೈವರೆಗೆ ಹರಡಿತು. ಕಾಪುವಿನ ಬಿ.ಆರ್. ಶೆಟ್ಟಿ 1973ರಲ್ಲಿ ಅಬುಧಾಬಿಗೆ ಹೋಗಿ ಆಸ್ಪತ್ರೆಗಳ ದೊಡ್ಡ ಸಮೂಹವನ್ನೇ ಕಟ್ಟಿದರು. 2020ರಲ್ಲಿ ಅದು ಸಾಲದ ಹಗರಣದಲ್ಲಿ ಕುಸಿಯಿತು. ಏರಿದವರ ಕಥೆ ಊರೆಲ್ಲ ತಿಳಿದಿರುತ್ತದೆ. ಬರಿಗೈಯಲ್ಲಿ ಮರಳಿದವರ ಲೆಕ್ಕ ಯಾವ ಇಲಾಖೆಯೂ ಸರಿಯಾಗಿ ಇಟ್ಟಿಲ್ಲ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈ ವಿಮಾನ ಪತನವಾಗಿ 158 ಜನ ಸತ್ತಾಗ, ಒಂದು ಸಾಮಾನ್ಯ ಶನಿವಾರದ ವಿಮಾನದಲ್ಲಿ ಈ ಕರಾವಳಿಯ ಮತ್ತು ಕಾಸರಗೋಡಿನ ಎಷ್ಟು ಮನೆಗಳ ಜನರಿರುತ್ತಾರೆ ಎಂಬುದು ರಾಜ್ಯದ ಉಳಿದ ಭಾಗಕ್ಕೆ ಮೊದಲ ಸಲ ಗೊತ್ತಾಯಿತು.

ಭಾರತದಿಂದ ಹೊರಡುವ ಹರಿವೂ ಈಗ ಬದಲಾಗಿದೆ. ಕಡಿಮೆ ಓದಿನ ಕಾರ್ಮಿಕರಿಗೆ ಕೊಡುವ ವಲಸೆ ಅನುಮತಿಗಳಲ್ಲಿ ಕೇರಳವನ್ನು ಹಿಂದೆ ಹಾಕಿ ಉತ್ತರ ಪ್ರದೇಶ ಮತ್ತು ಬಿಹಾರ ಮುಂದೆ ಬಂದಿವೆ. 2014ರಲ್ಲಿ ಸುಮಾರು 8 ಲಕ್ಷವಿದ್ದ ಈ ಅನುಮತಿಗಳು ತೈಲದ ಬೆಲೆ ಬಿದ್ದ ಮೇಲೆ 2017ರ ಹೊತ್ತಿಗೆ 4 ಲಕ್ಷದ ಒಳಗಿಳಿದವು.

ಕಫಾಲ

ಕೊಲ್ಲಿ ವಲಸೆಯ ಕಾನೂನಿನ ಹಗ್ಗಕ್ಕೆ ಕಫಾಲ ಎಂದು ಹೆಸರು. ಹೊರಗಿನಿಂದ ಬರುವ ಪ್ರತಿ ಕೆಲಸಗಾರನಿಗೂ ಸ್ಥಳೀಯನೊಬ್ಬ ಅಥವಾ ಒಂದು ಕಂಪನಿ ಕಫೀಲನಾಗಿ ಹೊಣೆ ಹೊರಬೇಕು. ವಾಸದ ಪರವಾನಗಿ, ಅಂದರೆ ಜನ ಹೇಳುವ ಇಕಾಮಾ, ಕಫೀಲನ ಹೆಸರಿಗೆ ಅಂಟಿಕೊಂಡಿರುತ್ತದೆ. ಕೆಲಸ ಬದಲಿಸಲು ಅವನ ಒಪ್ಪಿಗೆ ಪತ್ರ ಬೇಕಿತ್ತು. ಕೆಲವು ದೇಶಗಳಲ್ಲಿ ಊರಿಗೆ ಹೊರಡಲೂ ಅವನ ಸಹಿ ಬೇಕಿತ್ತು. ಅನುಮತಿಯಿಲ್ಲದೆ ಹೊರಟುಹೋದವನ ಮೇಲೆ ಕಫೀಲ ‘ಪರಾರಿ’ ಎಂದು ದೂರು ಕೊಡಬಹುದು. ಸೌದಿಯ ಕೆಲಸಗಾರರು ‘ಹುರೂಬ್’ ಎಂದು ಹೆದರುವುದು ಇದಕ್ಕೇ. ಆ ದೂರು ದಾಖಲಾದ ಕ್ಷಣದಿಂದ, ನಾಲ್ಕು ತಿಂಗಳ ಸಂಬಳ ಬಾಕಿ ಬರಬೇಕಾದ ಮನುಷ್ಯನೂ ಕಾನೂನಿನ ಕಣ್ಣಿಗೆ ತಪ್ಪಿತಸ್ಥ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಕೊಲ್ಲಿ ದೇಶಗಳ ಕಾನೂನಿನಲ್ಲೇ ನಿಷಿದ್ಧವಾದರೂ ನಡೆದೇ ಇದೆ.

ಇದರೊಳಗಿಂದಲೇ ‘ಫ್ರೀ ವೀಸಾ’ ಎಂಬ ಸರಕು ಹುಟ್ಟಿತು. ಹೆಸರಿಗೆ ಮಾತ್ರ ಫ್ರೀ. ಕಫೀಲ ತನ್ನ ಹೆಸರಿನಲ್ಲಿ ವೀಸಾ ತೆಗೆಸಿ ಮಾರುತ್ತಾನೆ. ಕೊಂಡವನು ಬೇರೆಲ್ಲೋ ದುಡಿದು ವರ್ಷಕ್ಕೊಮ್ಮೆ ಇಕಾಮಾ ನವೀಕರಿಸಲು ಮತ್ತೆ ಕಫೀಲನಿಗೆ ಹಣ ಕೊಡುತ್ತಾನೆ. ಅವನಿಗೆ ಸಿಗುವ ಸ್ವಾತಂತ್ರ್ಯ ನಿಜವೇ. ಅದು ಪೂರ್ತಿ ಕಾನೂನುಬಾಹಿರ ಎಂಬುದೂ ಅಷ್ಟೇ ನಿಜ.

ಸುಧಾರಣೆಗಳಾಗಿವೆ. ಬಹರೈನ್ 2009ರಲ್ಲಿ ಕಫೀಲನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಲು ಅವಕಾಶ ಕೊಟ್ಟಿತು. ಯುಎಇ ಅದೇ ವರ್ಷ ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡುವ ವ್ಯವಸ್ಥೆ ತಂದಿತು. ಕತಾರ್ 2018 ಮತ್ತು 2020ರಲ್ಲಿ ನಿರ್ಗಮನ ಅನುಮತಿಯನ್ನು ಬಹುತೇಕ ತೆಗೆದುಹಾಕಿತು, 2020ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪತ್ರದ ನಿಯಮವನ್ನೂ ರದ್ದು ಮಾಡಿತು. 2021ರ ಮಾರ್ಚಿನಿಂದ ಎಲ್ಲ ದೇಶದವರಿಗೂ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಸಂಬಳ, ಊಟ ವಸತಿ ಕೊಡದಿದ್ದರೆ ಅದರ ಮೇಲೆ 800 ರಿಯಾಲ್ ಎಂದು ಗೊತ್ತುಮಾಡಿತು. ಸೌದಿ 2021ರಲ್ಲಿ ತಂದ ಸಡಿಲಿಕೆ ಮನೆಗೆಲಸದವರನ್ನೂ ಡ್ರೈವರುಗಳನ್ನೂ ಹೊರಗಿಟ್ಟಿತು. ಇವನ್ನೆಲ್ಲ ಬರೀ ತೋರಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಕತಾರ್‌ನಲ್ಲಿ ನಿಯಮ ಬದಲಾದ ಮೇಲೆ ಲಕ್ಷಾಂತರ ಜನ ಕೆಲಸ ಬದಲಿಸಿದ್ದಾರೆ. ಆದರೆ ‘ಪರಾರಿ’ ದೂರಿನ ಅಧಿಕಾರ ಕಫೀಲನ ಕೈಯಲ್ಲಿ ಉಳಿದಿರುವ ತನಕ ಒಪ್ಪಿಗೆ ಪತ್ರ ತೆಗೆದುಹಾಕಿದ್ದರ ಫಲ ಅರ್ಧವೇ.

ಕೆಲಸಗಾರನನ್ನು ಒಬ್ಬ ಮಾಲೀಕನಿಗೆ ಕಟ್ಟುವುದು ಅರಬ್ ದೇಶಗಳ ವಿಶೇಷವೆಂದು ತಿಳಿಯಬಾರದು. ಕೆನಡ ತನ್ನ ಹಣ್ಣು ತರಕಾರಿ ತೋಟಗಳಿಗೆ 1966ರಿಂದ ಕೆರಿಬಿಯನ್ ದ್ವೀಪಗಳ, ಆಮೇಲೆ ಮೆಕ್ಸಿಕೊದ ಜನರನ್ನು ಇಂಥದೇ ಪರವಾನಗಿಯಲ್ಲಿ ಕರೆಸಿಕೊಳ್ಳುತ್ತಿದೆ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಹಿಡಿದು ಹೋಗುವ ಎಚ್-1ಬಿ ವೀಸಾ ಕೂಡ ಮಾಲೀಕನ ಹೆಸರಿಗೆ ಕಟ್ಟಿದ್ದೇ. ಕೆಲಸ ಹೋದರೆ ಅರವತ್ತು ದಿನಗಳೊಳಗೆ ಬೇರೆ ಮಾಲೀಕ ಸಿಗಬೇಕು. ಹಸಿರು ಕಾರ್ಡಿನ ಸರತಿಯಲ್ಲಿ ನಿಂತ ಭಾರತೀಯರು ದಶಕಗಟ್ಟಲೆ ಈ ಭಯದಲ್ಲೇ ಇರುತ್ತಾರೆ. ಆದರೂ ಸೌದಿಯ ಜುಬೈಲಿನ ವೆಲ್ಡರನಿಗೂ ಈ ಎಂಜಿನಿಯರನಿಗೂ ದೊಡ್ಡ ಅಂತರವಿದೆ. ಎಂಜಿನಿಯರ್ ಬೆಂಗಳೂರಿಗೆ ಮರಳಿದರೆ ಮನೆಯ ಮುಂದೆ ಬಡ್ಡಿಯವನು ಕಾದು ಕೂತಿರುವುದಿಲ್ಲ.

ಸಾಲ ಹುಟ್ಟುವ ಜಾಗ

ಭಾರತದ 1983ರ ವಲಸೆ ಕಾಯಿದೆಯ ನಿಯಮಗಳ ಪ್ರಕಾರ ನೋಂದಾಯಿತ ಏಜೆಂಟ್ ಒಬ್ಬ ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಊರಿನಲ್ಲಿ ಕೇಳಿನೋಡಿದರೆ ಈ ಮೊತ್ತ ಕೇಳಿದವರು ನಗುತ್ತಾರೆ. ವಾಸ್ತವದ ಖರ್ಚು ಇದರ ಹಲವು ಪಟ್ಟು. ಚಿನ್ನ ಅಡವಿಟ್ಟು, ಜಮೀನು ಮಾರಿ, ಕೈಸಾಲ ಮಾಡಿ ಹೊಂದಿಸಿದ್ದು. ಬಾಂಗ್ಲಾದೇಶದ ಸರ್ಕಾರಿ ಅಂಕಿಅಂಶ ಸಂಸ್ಥೆ 2020ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಹೊರದೇಶಕ್ಕೆ ಹೋಗಲು ತಗಲುವ ಸರಾಸರಿ ಖರ್ಚು ಅಲ್ಲಿಯ ಸುಮಾರು ಹದಿನೇಳು ತಿಂಗಳ ಸಂಪಾದನೆಗೆ ಸಮವಾಗಿತ್ತು. ಎರಡು ವರ್ಷದ ಕರಾರಿನಲ್ಲಿ ಹದಿನೇಳು ತಿಂಗಳು ಬರೀ ಹೋದ ಖರ್ಚು ತೀರಿಸುವುದಕ್ಕೆ.

ಬೈಗುಳವೆಲ್ಲ ಬೀಳುವುದು ಹಳ್ಳಿಯ ಸಬ್‌ಏಜೆಂಟನ ಮೇಲೆ. ಅವನು ಸಾಮಾನ್ಯವಾಗಿ ಅದೇ ಊರಿನವನು, ಕೆಲವೊಮ್ಮೆ ನೆಂಟನೇ. ಅವನಿಂದ ನಗರದ ಏಜೆಂಟ್, ಅವನಿಂದ ದುಬೈ ಅಥವಾ ರಿಯಾದಿನ ದಲ್ಲಾಳಿ, ಕೊನೆಗೆ ವೀಸಾ ಕೈಯಲ್ಲಿಟ್ಟುಕೊಂಡ ಕಂಪನಿಯ ನೇಮಕಾತಿ ಅಧಿಕಾರಿ: ಹಣ ಈ ಮೆಟ್ಟಿಲುಗಳನ್ನು ಹತ್ತಿಹೋಗುತ್ತದೆ. ಬೇಡಿಕೆಗಿಂತ ಜನ ಹೆಚ್ಚಿರುವ ಕಡೆ ಕೆಲಸವೇ ಮಾರಾಟದ ವಸ್ತುವಾಗುತ್ತದೆ. ಆದ್ದರಿಂದ ಸಬ್‌ಏಜೆಂಟನನ್ನು ಹಿಡಿದು ಜೈಲಿಗೆ ಹಾಕಿದರೆ ದರ ಏರುತ್ತದೆಯೇ ಹೊರತು ವ್ಯಾಪಾರ ನಿಲ್ಲುವುದಿಲ್ಲ. ನೇಮಕಾತಿಯ ಖರ್ಚನ್ನು ಕೆಲಸಗಾರ ಕೊಡಕೂಡದು, ಮಾಲೀಕನೇ ಕೊಡಬೇಕು ಎಂಬ ತತ್ತ್ವವನ್ನು ಕಾರ್ಮಿಕ ಸಂಸ್ಥೆಯ 1997ರ ಒಡಂಬಡಿಕೆ ಬಹುಮಟ್ಟಿಗೆ ಹೇಳಿದೆ. 2016ರ ಅದರ ಮಾರ್ಗಸೂಚಿಗಳು ಇನ್ನೂ ಸ್ಪಷ್ಟವಾಗಿ ಹೇಳಿವೆ. ನೇಪಾಳ 2015ರಲ್ಲಿ ವೀಸಾ ಮತ್ತು ಟಿಕೆಟ್ ಎರಡನ್ನೂ ಮಾಲೀಕನೇ ಭರಿಸಬೇಕೆಂದು ಆದೇಶಿಸಿತು. ಕಾಠ್ಮಂಡುವಿನ ಏಜೆನ್ಸಿಗಳು ಕಡಿಮೆ ಮೊತ್ತದ ರಶೀದಿ ಕೊಟ್ಟು ಉಳಿದದ್ದನ್ನು ಕೈಯಲ್ಲೇ ವಸೂಲು ಮಾಡುವುದನ್ನು ಮುಂದುವರಿಸಿದವು.

ದಲ್ಲಾಳಿಯನ್ನು ನಿಜವಾಗಿ ಹೊರಗಿಟ್ಟ ಉದಾಹರಣೆಗಳಲ್ಲಿ ದಕ್ಷಿಣ ಕೊರಿಯಾದ್ದು ಮುಖ್ಯ. 2004ರಿಂದ ಅದು ನೇಪಾಳ, ವಿಯೆಟ್ನಾಂ, ಫಿಲಿಪೀನ್ಸ್ ಮುಂತಾದ ದೇಶಗಳ ಸರ್ಕಾರಗಳೊಡನೆ ನೇರ ಒಪ್ಪಂದ ಮಾಡಿಕೊಂಡು, ಕೊರಿಯನ್ ಭಾಷೆಯ ಪರೀಕ್ಷೆ ನಡೆಸಿ ಜನರನ್ನು ಆರಿಸುತ್ತದೆ. ಹೋಗುವ ಖರ್ಚು ಗಣನೀಯವಾಗಿ ಇಳಿಯಿತು. ಸಾಲದ ಹಗ್ಗ ಬಿಚ್ಚಿತು. ಕೆಲಸ ಬದಲಿಸುವುದಕ್ಕೆ ಮೂರು ಬಾರಿಯ ಮಿತಿ ಮತ್ತು ನಿಗದಿತ ಕಾರಣಗಳು ಬೇಕೆಂಬ ನಿಯಮ ಮಾತ್ರ ಉಳಿದುಕೊಂಡಿತು.

ಬಿಸಿಲು, ವಸತಿ, ಸಾವು

2010ರಲ್ಲಿ ಫುಟ್‌ಬಾಲ್ ವಿಶ್ವಕಪ್ ಕತಾರ್‌ಗೆ ದಕ್ಕಿದಾಗಿನಿಂದ ಅಲ್ಲಿಯ ಕಾರ್ಮಿಕರ ಸಾವು ಲೋಕದ ಸುದ್ದಿಯಾಯಿತು. ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳ 6,500ಕ್ಕೂ ಹೆಚ್ಚು ವಲಸಿಗರು ಒಂದು ದಶಕದಲ್ಲಿ ಅಲ್ಲಿ ಸತ್ತರೆಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2021ರಲ್ಲಿ ವರದಿ ಮಾಡಿತು. ಅದು ಎಲ್ಲ ಉದ್ಯೋಗದ, ಎಲ್ಲ ಕಾರಣದ ಸಾವುಗಳ ಮೊತ್ತ. ಕ್ರೀಡಾಂಗಣ ಕಟ್ಟುವಾಗ ಸತ್ತವರ ಸಂಖ್ಯೆ ಎಂದು ಅದನ್ನು ಉದ್ಧರಿಸುವುದು ತಪ್ಪು. ವಿಶ್ವಕಪ್ ಸಮಿತಿಯ ಮುಖ್ಯಸ್ಥ ಹಸನ್ ಅಲ್ ತವಾದಿ 2022ರ ನವೆಂಬರಿನಲ್ಲಿ ಟೂರ್ನಿಗೆ ಸಂಬಂಧಿಸಿದ ಕಾಮಗಾರಿಗಳಲ್ಲಿ 400ರಿಂದ 500 ಸಾವು ಎಂದರು. ಕಾರ್ಮಿಕ ಸಂಸ್ಥೆ 2020 ಒಂದೇ ವರ್ಷದಲ್ಲಿ ಕೆಲಸದ ಅವಘಡಗಳಿಂದ ಸತ್ತವರು 50 ಎಂದು ಲೆಕ್ಕ ಹಾಕಿತು.

ಅಂಕಿಗಳು ಇಷ್ಟು ಚೆಲ್ಲಾಪಿಲ್ಲಿಯಾಗಲು ಕಾರಣವಿದೆ. ಪ್ರಾಯದ ಗಂಡಸು ರಾತ್ರಿ ಮಲಗಿದಲ್ಲೇ ಸತ್ತರೆ ಮರಣಪತ್ರದಲ್ಲಿ ‘ಸಹಜ ಕಾರಣ’ ಅಥವಾ ‘ಹೃದಯ ಸ್ತಂಭನ’ ಎಂದು ಬರೆದು ಮುಗಿಸುವ ರೂಢಿ ಇತ್ತು; ಶವಪರೀಕ್ಷೆ ಅಪರೂಪ. ಹೃದಯ ನಿಲ್ಲುವುದು ಸಾವಿನ ಕಾರಣವಲ್ಲ, ಸಾವಿನ ಲಕ್ಷಣ. ಕಾರಣ ಸಹಜವೆಂದಾದರೆ ಅದು ಕೆಲಸಕ್ಕೆ ಸಂಬಂಧಿಸಿದ ಸಾವಲ್ಲ. ಅಲ್ಲವಾದರೆ ಮಾಲೀಕ ಪರಿಹಾರ ಕೊಡಬೇಕಿಲ್ಲ. ಡಾಕ್ಟರರ ಸಹಿಯ ಒಂದು ಸಾಲು ಹಳ್ಳಿಯೊಂದರ ವಿಧವೆಯ ಹಕ್ಕನ್ನು ಅಳಿಸಿಬಿಡುತ್ತದೆ. ಕತಾರ್‌ನಲ್ಲಿ ಸತ್ತ ನೇಪಾಳಿ ಕಾರ್ಮಿಕರ ದಾಖಲೆಗಳನ್ನು ಹವಾಮಾನದ ದಾಖಲೆಗಳೊಡನೆ ಇಟ್ಟು ನೋಡಿದ ವೈದ್ಯಕೀಯ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಹೃದಯಸಂಬಂಧಿ ಎಂದು ಬರೆದ ಸಾವುಗಳು ಬಿಸಿಲಿನ ತಿಂಗಳುಗಳಲ್ಲಿ ಏರುವುದನ್ನು ಅದು ತೋರಿಸಿತು. ಸೆಕೆಯಲ್ಲಿ ಬೆವರಿ ನೀರು ಸಾಲದೆ ಮೂತ್ರಪಿಂಡ ಕೆಟ್ಟು ಮರಳಿದ ಯುವಕರು ಕಾಠ್ಮಂಡುವಿನ ಡಯಾಲಿಸಿಸ್ ಘಟಕಗಳಲ್ಲಿದ್ದಾರೆ. ಅವರು ಯಾವ ಸಾವಿನ ಪಟ್ಟಿಯಲ್ಲೂ ಬರುವವರಲ್ಲ.

ಕತಾರ್ 2021ರಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನ ಕೆಲಸ ನಿಷೇಧಿಸಿತು. ಬಿಸಿಲು, ತೇವಾಂಶ, ಗಾಳಿ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಉಷ್ಣ ಸೂಚಿ 32.1 ಡಿಗ್ರಿ ದಾಟಿದರೆ ಯಾವ ಹೊತ್ತಿನಲ್ಲಾದರೂ ಕೆಲಸ ನಿಲ್ಲಿಸಬೇಕೆಂದೂ ಹೇಳಿತು. ಗಡಿಯಾರ ನೋಡಿ ಮಾಡುವ ನಿಷೇಧಕ್ಕಿಂತ ಇದು ಮೇಲು. 2034ರ ವಿಶ್ವಕಪ್ ಸೌದಿಗೆ ಹೋಗಿದೆ. ಕಟ್ಟುವ ಕೆಲಸ ಅಲ್ಲಿ ಕತಾರ್‌ನದಕ್ಕಿಂತ ಬಹಳ ದೊಡ್ಡದು.

ವಸತಿಯ ಮಾತು ಬಂದರೆ 2024ರ ಜೂನ್ 12 ನೆನಪಾಗುತ್ತದೆ. ಕುವೈತಿನ ಮಂಗಾಫ್‌ನಲ್ಲಿ ಕಂಪನಿಯೊಂದರ ಕಾರ್ಮಿಕರು ತುಂಬಿದ್ದ ಕಟ್ಟಡಕ್ಕೆ ನಸುಕಿನಲ್ಲಿ ಬೆಂಕಿ ಬಿತ್ತು. ಸತ್ತವರಲ್ಲಿ 45 ಮಂದಿ ಭಾರತೀಯರು, ಅವರಲ್ಲಿ ಸುಮಾರು ಅರ್ಧದಷ್ಟು ಕೇರಳದವರು. ಮಾಲೀಕನೇ ಮನೆ ಕೊಡುವ ಏರ್ಪಾಡಿನಲ್ಲಿ ಕೆಲಸ ಬಿಟ್ಟವನು ಅದೇ ಸಂಜೆ ಬೀದಿಗೆ ಬೀಳುತ್ತಾನೆ ಎಂಬುದನ್ನೂ ಇಲ್ಲಿ ಸೇರಿಸಬೇಕು.

ಹೆಂಗಸರು, ನಿಷೇಧ ಮತ್ತು ರಕ್ಷಣೆ

ಮನೆಗೆಲಸದವರು ಬಹುಕಾಲ ಕೊಲ್ಲಿಯ ಕಾರ್ಮಿಕ ಕಾನೂನುಗಳಿಗೇ ಹೊರಗಿದ್ದರು. ಕುವೈತ್ 2015ರಲ್ಲಿ ಅವರಿಗೆಂದು ಪ್ರತ್ಯೇಕ ಕಾಯಿದೆ ಮಾಡಿದ್ದು ಆ ಪ್ರದೇಶಕ್ಕೆ ಹೊಸದಾಗಿತ್ತು. ಭಾರತ ಮೂವತ್ತು ವರ್ಷದೊಳಗಿನ ಹೆಂಗಸರು ಕೊಲ್ಲಿ ಮುಂತಾದ ದೇಶಗಳಿಗೆ ಮನೆಗೆಲಸಕ್ಕೆ ಹೋಗುವುದನ್ನು ತಡೆದಿದೆ. ನೇಪಾಳ, ಶ್ರೀಲಂಕಾ, ಇಂಡೋನೇಷ್ಯಗಳೂ ಬೇರೆಬೇರೆ ಕಾಲದಲ್ಲಿ ಇಂಥ ನಿಷೇಧ ಹಾಕಿವೆ. ಪರಿಣಾಮ ಎಲ್ಲ ಕಡೆ ಒಂದೇ: ಸಂದರ್ಶಕ ವೀಸಾದಲ್ಲಿ, ಮೂರನೆಯ ದೇಶದ ಮೂಲಕ, ವಿಮೆಯಿಲ್ಲದೆ ಹೋಗುತ್ತಾರೆ. ನೋಂದಣಿಯಿಲ್ಲದೆ ಹೋದವಳು ತೊಂದರೆಗೆ ಸಿಕ್ಕಾಗ ರಾಯಭಾರ ಕಚೇರಿಯ ಕಾಗದಗಳಲ್ಲಿ ಅವಳ ಹೆಸರೇ ಇರುವುದಿಲ್ಲ. ಗಂಡಸಿಗೆ ಅಪಾಯವಿದ್ದರೆ ಎಚ್ಚರಿಕೆ ಹೇಳಿ ಕಳಿಸುವ ಸರ್ಕಾರ ಹೆಂಗಸಿಗೆ ಅಪಾಯವಿದ್ದರೆ ಬಾಗಿಲು ಹಾಕುತ್ತದೆ. ಇದನ್ನು ರಕ್ಷಣೆ ಎನ್ನುವುದು ಕಷ್ಟ.

ಕಳಿಸುವ ಸರ್ಕಾರದ ಇಕ್ಕಟ್ಟು

ಹಕ್ಕು ಹೆಚ್ಚು ಕೇಳಿದರೆ ಕೆಲಸ ಕಡಿಮೆ ಸಿಗುತ್ತದೆಯೇ? ಅರ್ಥಶಾಸ್ತ್ರಜ್ಞ ಮಾರ್ಟಿನ್ ರೂಸ್ 2013ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಶ್ರೀಮಂತ ದೇಶಗಳ ವಲಸೆ ಯೋಜನೆಗಳನ್ನು ಹೋಲಿಸಿ, ಕಡಿಮೆ ಕೌಶಲದವರಿಗೆ ಹೌದು ಎಂಬ ಉತ್ತರಕ್ಕೆ ಬಂದರು. ಭಾರತದ ಅನುಭವ ಅವರ ವಾದಕ್ಕೆ ಪುಷ್ಟಿ ಕೊಡುತ್ತದೆ. ಮನೆಗೆಲಸಕ್ಕೆ ಹೆಂಗಸರನ್ನು ಕರೆಸುವ ಮಾಲೀಕರು 2,500 ಡಾಲರ್ ಬ್ಯಾಂಕ್ ಖಾತರಿ ಇಡಬೇಕೆಂದು ಭಾರತ ಕೇಳಿತ್ತು. ಕುವೈತ್ ಒಪ್ಪಲಿಲ್ಲ, 2017ರಲ್ಲಿ ಆ ದೇಶದ ಮಟ್ಟಿಗೆ ಭಾರತವೇ ಕೈಬಿಟ್ಟಿತು. 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ನಡುವೆ, ಕೊಲ್ಲಿ ದೇಶಗಳಿಗೆ ಹೋಗುವವರಿಗೆ ಗೊತ್ತುಮಾಡಿದ್ದ ಕನಿಷ್ಠ ಸಂಬಳದ ಮಟ್ಟವನ್ನೂ ಭಾರತ 200 ಡಾಲರಿನ ಆಸುಪಾಸಿಗೆ ಇಳಿಸಿತು. ಕೆಲಸ ಉಳಿಸಲೆಂದು ಮಾಡಿದ್ದು ಎಂಬ ಸಮರ್ಥನೆಯಿತ್ತು. ತೆಲಂಗಾಣದ ಗಲ್ಫ್ ಕಾರ್ಮಿಕರ ಪರವಾಗಿ ಹೈಕೋರ್ಟಿಗೆ ಅರ್ಜಿ ಹೋಯಿತು. 2021ರ ಜುಲೈಯಲ್ಲಿ ಆದೇಶ ಹಿಂದೆ ಬಂತು.

ಫಿಲಿಪೀನ್ಸ್ ಬೇರೆ ದಾರಿ ಹಿಡಿಯಿತು. ಜನರನ್ನು ಹೊರಗೆ ಕಳಿಸುವುದನ್ನು 1974ರಲ್ಲೇ ರಾಜ್ಯನೀತಿ ಮಾಡಿಕೊಂಡ ದೇಶ ಅದು. 1995ರ ಮಾರ್ಚಿನಲ್ಲಿ ಮನೆಗೆಲಸದ ಫ್ಲೋರ್ ಕಂಟೆಂಪ್ಲೇಷನ್ ಎಂಬಾಕೆಯನ್ನು ಸಿಂಗಪುರ ಗಲ್ಲಿಗೇರಿಸಿದಾಗ ಮನಿಲಾದ ಬೀದಿಗಳಲ್ಲಿ ಎದ್ದ ಸಿಟ್ಟಿನಿಂದ ಅದೇ ವರ್ಷ ವಲಸೆ ಕಾರ್ಮಿಕರ ಕಾಯಿದೆ ಹುಟ್ಟಿತು. 2018ರಲ್ಲಿ ಕುವೈತಿನ ಫ್ಲಾಟೊಂದರ ಫ್ರೀಜರಿನಲ್ಲಿ ಫಿಲಿಪಿನೊ ಮನೆಗೆಲಸದಾಕೆಯ ಶವ ಸಿಕ್ಕಿದ ಮೇಲೆ ಮನಿಲಾ ಕೆಲಸಗಾರರನ್ನು ಕಳಿಸುವುದನ್ನೇ ನಿಲ್ಲಿಸಿತು. ಮೇ ತಿಂಗಳಲ್ಲಿ ಪಾಸ್‌ಪೋರ್ಟ್ ಮತ್ತು ಮೊಬೈಲ್ ಕೆಲಸದವರ ಬಳಿಯೇ ಇರಬೇಕೆಂಬ ಒಪ್ಪಂದಕ್ಕೆ ಕುವೈತ್ ಸಹಿ ಹಾಕಿತು. ಚೌಕಾಸಿ ಮಾಡಿದರೆ ಕೆಲಸ ಪೂರ್ತಿ ಕೈತಪ್ಪುತ್ತದೆ ಎಂಬ ಹೆದರಿಕೆ ಯಾವಾಗಲೂ ನಿಜವಲ್ಲ. ಆದರೆ ಮನಿಲಾ ನಿಲ್ಲಿಸಿದಾಗ ಮಾಲೀಕರು ಬೇರೆ ದೇಶಗಳತ್ತ ತಿರುಗುವುದೂ ಸುಳ್ಳಲ್ಲ. ಒಂದೊಂದೇ ದೇಶ ಹೋರಾಡುವ ಬದಲು ಕಳಿಸುವ ದೇಶಗಳು ಒಟ್ಟಾಗಿ ಕನಿಷ್ಠ ಸಂಬಳ ಕೇಳಬಹುದಿತ್ತು. ಇಂಥ ದೇಶಗಳ ನಡುವೆ 2003ರಲ್ಲಿ ಕೊಲಂಬೊದಲ್ಲಿ ಶುರುವಾದ ಮಾತುಕತೆ ಈವರೆಗೂ ಅಲ್ಲಿಗೆ ಮುಟ್ಟಿಲ್ಲ.

ತತ್ತ್ವಜ್ಞರ ಜಗಳವೂ ಇಲ್ಲೇ. ಮೈಕೆಲ್ ವಾಲ್ಜರ್ 1983ರಲ್ಲಿ, ದುಡಿಮೆ ಬೇಕು ಆದರೆ ದುಡಿದವನು ಎಂದೂ ನಾಗರಿಕನಾಗಬಾರದು ಎನ್ನುವ ಸಮಾಜ ತನ್ನೊಳಗೆ ಒಂದು ಆಳಲ್ಪಡುವ ಜಾತಿಯನ್ನೇ ಸಾಕುತ್ತದೆ ಎಂದು ವಾದಿಸಿದರು. ಗ್ಲೆನ್ ವೈಲ್ ಎಂಬ ಅರ್ಥಶಾಸ್ತ್ರಜ್ಞ ಅದಕ್ಕೆ ತದ್ವಿರುದ್ಧವಾಗಿ, ಹಕ್ಕು ಕೊಡದಿದ್ದರೂ ಇಷ್ಟೊಂದು ಬಡವರನ್ನು ಒಳಗೆ ಬಿಟ್ಟುಕೊಂಡ ಕೊಲ್ಲಿ ದೇಶಗಳೇ ಜಗತ್ತಿನ ಅಸಮಾನತೆಯನ್ನು ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು ತಗ್ಗಿಸಿವೆ ಎಂದು ಲೆಕ್ಕ ತೋರಿಸಿದರು. ಲೆಕ್ಕ ಸರಿಯಿರಬಹುದು. ಸಾಲ ತೀರುವ ಮೊದಲೇ ಸತ್ತವನ ಮನೆ ಅದರಲ್ಲಿ ಸರಾಸರಿಯೊಳಗೆ ಕರಗಿಹೋಗಿರುತ್ತದೆ.

ಹಣದ ಹರಿವು

ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಭಾರತಕ್ಕೆ ಬಂದ ವಲಸಿಗರ ಹಣ ಸುಮಾರು 129 ಶತಕೋಟಿ ಡಾಲರ್, ಜಗತ್ತಿನಲ್ಲೇ ಅತಿ ಹೆಚ್ಚು. ಆದರೆ ಅದರ ಮೂಲ ಬದಲಾಗಿದೆ. ರಿಸರ್ವ್ ಬ್ಯಾಂಕಿನ ಸಮೀಕ್ಷೆಗಳ ಪ್ರಕಾರ 2016-17ರಲ್ಲಿ ಅರ್ಧದಷ್ಟು ಕೊಲ್ಲಿಯಿಂದಲೇ ಬರುತ್ತಿದ್ದದ್ದು 2023-24ರಲ್ಲಿ ಶೇ. 38ಕ್ಕೆ ಇಳಿದಿದೆ, ಅಮೆರಿಕ ಒಂದೇ ಶೇ. 28ರಷ್ಟು ಕಳಿಸುತ್ತದೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಪಾಲು ಶೇ. 7.7. ಮೊತ್ತದಲ್ಲಿ ಗಲ್ಫ್ ಕಾರ್ಮಿಕನ ತೂಕ ಇಳಿದಂತೆ ದೆಹಲಿಯಲ್ಲಿ ಅವನ ಮಾತಿನ ತೂಕವೂ ಇಳಿಯುವ ಸಂಭವವಿದೆ. ಹಣ ಕಳಿಸುವ ಶುಲ್ಕ ಜಾಗತಿಕ ಸರಾಸರಿಯಲ್ಲಿ ಇನ್ನೂ ಶೇ. 6ರ ಮೇಲಿದೆ, 2030ರೊಳಗೆ ಅದನ್ನು ಶೇ. 3ಕ್ಕಿಂತ ಕೆಳಗಿಳಿಸುವುದು ವಿಶ್ವಸಂಸ್ಥೆಯ ಗುರಿ.

ನರ್ಸುಗಳ ವಲಸೆಯಲ್ಲಿ ಪ್ರಶ್ನೆಯ ದಿಕ್ಕು ತಿರುಗುತ್ತದೆ. ಅಲ್ಲಿ ಹೋದವಳ ಕಷ್ಟಕ್ಕಿಂತ ಉಳಿದ ರೋಗಿಗಳದು ದೊಡ್ಡ ಮಾತು. ತರಬೇತಿ ಕೊಟ್ಟ ಬಡ ದೇಶಕ್ಕೆ ನಷ್ಟಭರ್ತಿಯಾಗಿ ವಲಸಿಗರ ಆದಾಯದ ಮೇಲೆ ತೆರಿಗೆ ಹಾಕಬೇಕೆಂದು ಜಗದೀಶ್ ಭಗವತಿ 1970ರ ದಶಕದಲ್ಲಿ ಸೂಚಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ನೇಮಕಾತಿ ಸಂಹಿತೆ ರೂಪಿಸಿತು. ಸಿಬ್ಬಂದಿ ಕೊರತೆ ತೀವ್ರವಾಗಿರುವ 55 ದೇಶಗಳ ಪಟ್ಟಿಯನ್ನು 2023ರಲ್ಲಿ ಪ್ರಕಟಿಸಿತು. ಭಾರತ ಆ ಪಟ್ಟಿಯಲ್ಲಿಲ್ಲ. ಬೆಂಗಳೂರು, ಮಂಗಳೂರುಗಳ ಖಾಸಗಿ ನರ್ಸಿಂಗ್ ಕಾಲೇಜುಗಳು ಹೊರದೇಶದ ಬೇಡಿಕೆ ನೋಡಿಯೇ ಬೆಳೆದವು.

ಹೊಸ ದಿಕ್ಕುಗಳು

ಜಪಾನ್, ಜರ್ಮನಿ, ತೈವಾನ್‌ಗಳಲ್ಲಿ ಮುದುಕರು ಹೆಚ್ಚಿ ದುಡಿಯುವವರು ಕಡಿಮೆಯಾಗಿದ್ದಾರೆ. ಜರ್ಮನಿ 2024ರಲ್ಲಿ ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಕಲಿಕೆಯ ಹೆಸರಿನಲ್ಲಿ ದುಡಿಸಿಕೊಳ್ಳುತ್ತದೆಂಬ ಟೀಕೆಗೆ ಗುರಿಯಾಗಿದ್ದ, 1993ರಲ್ಲಿ ಶುರುವಾದ ತರಬೇತಿ ಯೋಜನೆಯನ್ನು ಬದಲಿಸಲು ಜಪಾನ್ 2024ರಲ್ಲಿ ಕಾನೂನು ಮಾಡಿತು. 2023ರ ಅಕ್ಟೋಬರಿನ ನಂತರ ಪ್ಯಾಲೆಸ್ಟೀನಿ ಕೂಲಿಗಳನ್ನು ಹೊರಗಿಟ್ಟ ಇಸ್ರೇಲ್, ಅವರ ಜಾಗಕ್ಕೆ ಹರಿಯಾಣ ಮತ್ತು ಉತ್ತರ ಪ್ರದೇಶದಿಂದ ಕಟ್ಟಡ ಕಾರ್ಮಿಕರನ್ನು ಕರೆಸಿಕೊಂಡಿತು. ಯುದ್ಧ ನಡೆಯುತ್ತಿರುವ ನೆಲಕ್ಕೆ ಸರ್ಕಾರವೇ ಕಳಿಸುವುದು ಸರಿಯೇ ಎಂದು ಭಾರತದ ಕಾರ್ಮಿಕ ಸಂಘಗಳು ಕೇಳಿದವು. ವಲಸೆ ಅನುಮತಿ ಕಡ್ಡಾಯವಾದ 18 ದೇಶಗಳಲ್ಲಿ ಇಸ್ರೇಲ್ ಇಲ್ಲ.

ಮೋಸದ ಜಾಲವೂ ದಿಕ್ಕು ಬದಲಿಸಿದೆ. ಕಾವಲುಗಾರ, ಸಹಾಯಕ ಎಂದೆಲ್ಲ ಹೇಳಿ ಕರೆದೊಯ್ದು ರಷ್ಯದ ಸೈನ್ಯಕ್ಕೆ ಸೇರಿಸಿದವರಲ್ಲಿ ಕಲಬುರಗಿ ಕಡೆಯ ಯುವಕರೂ ಇದ್ದರು. 2024ರಲ್ಲಿ ಅವರು ಮರಳಿದರು. ಕಾಂಬೋಡಿಯ, ಮ್ಯಾನ್ಮಾರ್‌ಗಳ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಲ್ಪಟ್ಟವರು ಓದು ಬಲ್ಲ, ಕಂಪ್ಯೂಟರ್ ಬಲ್ಲ ಹುಡುಗರು. ಹತ್ತನೆಯ ತರಗತಿ ಪಾಸಾದವನಿಗೆ ವಲಸೆ ಅನುಮತಿಯ ತಪಾಸಣೆ ಬೇಡವೆಂಬ ಭಾರತದ ನಿಯಮ ಇಂಥವರನ್ನು ಲೆಕ್ಕದಿಂದಲೇ ಹೊರಗಿಡುತ್ತದೆ. 2023ರ ಏಪ್ರಿಲಿನಲ್ಲಿ ಸೂಡಾನ್‌ನಲ್ಲಿ ಕಾಳಗ ಶುರುವಾದಾಗ ಶಿವಮೊಗ್ಗ, ದಾವಣಗೆರೆ, ಹುಣಸೂರು ಕಡೆಯ ಹಕ್ಕಿಪಿಕ್ಕಿ ಬುಡಕಟ್ಟಿನವರು ಅಲ್ಲಿ ಸಿಕ್ಕಿಬಿದ್ದಿದ್ದು ತಿಳಿದು ಅನೇಕರಿಗೆ ಆಶ್ಚರ್ಯವಾಯಿತು. ಗಿಡಮೂಲಿಕೆಯ ಎಣ್ಣೆ ಮಾರುತ್ತ ಅವರು ವರ್ಷಗಳಿಂದ ಆಫ್ರಿಕದ ದೇಶಗಳನ್ನು ಸುತ್ತುತ್ತಿದ್ದರು. ಕಫೀಲನಿಲ್ಲ, ಏಜೆಂಟನಿಲ್ಲ, ಸರ್ಕಾರಿ ಭಾಷೆಯಲ್ಲಿ ಅವರು ವಲಸೆ ಕಾರ್ಮಿಕರೂ ಅಲ್ಲ.

ಕಾನೂನು ಮತ್ತು ಮತ

ವಲಸೆ ಕಾರ್ಮಿಕರು ಮತ್ತು ಅವರ ಕುಟುಂಬಗಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1990ರ ಡಿಸೆಂಬರ್ 18ರಂದು ಒಪ್ಪಿದ ಒಡಂಬಡಿಕೆ ಜಾರಿಗೆ ಬಂದದ್ದು 2003ರಲ್ಲಿ. ಸಹಿ ಹಾಕಿ ಅನುಮೋದಿಸಿದವು ಬಹುತೇಕ ಜನರನ್ನು ಕಳಿಸುವ ದೇಶಗಳು. ಕೊಲ್ಲಿಯ ಯಾವ ದೇಶವೂ, ಅಮೆರಿಕವೂ, ಪಶ್ಚಿಮ ಯುರೋಪಿನ ಪ್ರಮುಖ ದೇಶಗಳೂ ಅನುಮೋದಿಸಿಲ್ಲ, ಭಾರತವೂ ಇಲ್ಲ. ಭಾರತದೊಳಗೆ 1983ರ ಕಾಯಿದೆಯನ್ನು ಬದಲಿಸಲು 2021ರಲ್ಲಿ ಒಂದು ಕರಡು, 2025ರಲ್ಲಿ ಇನ್ನೊಂದು ಕರಡು ಬಂದವು.

ಸೌದಿ, ಯುಎಇ, ಕತಾರ್‌ಗಳಲ್ಲಿ ವಲಸಿಗರು ಕಾರ್ಮಿಕ ಸಂಘ ಕಟ್ಟುವಂತಿಲ್ಲ. ಭಾರತೀಯ ವಲಸಿಗರಿಗೆ ತಾಯ್ನಾಡಿನಲ್ಲಿ 2010ರ ತಿದ್ದುಪಡಿಯಿಂದ ಮತದ ಹಕ್ಕು ಸಿಕ್ಕಿದೆ, ಆದರೆ ಖುದ್ದಾಗಿ ಮತಗಟ್ಟೆಗೆ ಬಂದು ಹಾಕಬೇಕು. ವಿದ್ಯುನ್ಮಾನ ಅಂಚೆಮತಕ್ಕೆ ಅವಕಾಶ ಕೊಡಬಹುದೆಂದು ಚುನಾವಣಾ ಆಯೋಗ 2020ರಲ್ಲಿ ಕೇಂದ್ರ ಸರ್ಕಾರಕ್ಕೆ ತಿಳಿಸಿತ್ತು. 2024ರ ಲೋಕಸಭಾ ಚುನಾವಣೆ ಅದಿಲ್ಲದೆಯೇ ನಡೆಯಿತು. ನೋಂದಾಯಿತ ಸಾಗರೋತ್ತರ ಮತದಾರರು 1.19 ಲಕ್ಷ. ವಿಮಾನದ ಖರ್ಚು ಹಾಕಿಕೊಂಡು ಬಂದು ಮತ ಹಾಕಿದವರು 2,958, ಅವರಲ್ಲಿ 2,670 ಮಂದಿ ಕೇರಳದವರು.